ಸರ್ ಎಂ. ವಿಶ್ವೇಶ್ವರಯ್ಯ: ಮೂಸಿಯ ಪ್ರವಾಹದಿಂದ ಗಂಗಾ ಸೇತುವೆಯವರೆಗೆ

ಬೀದರ್ ಜಿಲ್ಲೆಯ ನಕ್ಷೆಯನ್ನು ಗಮನಿಸಿದಲ್ಲಿ, ಮಾಂಜ್ರಾ ನದಿಯು ಮಹಾರಾಷ್ಟ್ರದ ಲಾತೂರ್ ಕಡೆಯಿಂದ ಬಂದು, ಭಾಲ್ಕಿ, ಔರಾದ್ ಹಾಗೂ ಬೀದರ್ ತಾಲ್ಲೂಕುಗಳ ನಡುವೆ ಬಳಸಿ ಹರಿದು, ತೆಲಂಗಾಣವನ್ನು ಪ್ರವೇಶಿಸುವುದು ಕಂಡುಬರುತ್ತದೆ. ಬೇಸಿಗೆಯಲ್ಲಿ ದನಕರುಗಳೂ ದಾಟಬಲ್ಲಷ್ಟು ತೆಳುವಾಗುವ ಈ ನದಿಯು ಮಳೆಗಾಲದಲ್ಲಿ ತಗ್ಗು ಸೇತುವೆಗಳ ಮೇಲೆ ಹರಿದಾಗ, ಆಚೆ ದಡದ ಹಳ್ಳಿಗಳಿಗೆ ಬೀದರ್ ನಗರದ ಆಸ್ಪತ್ರೆ, ಮಾರುಕಟ್ಟೆ ಮತ್ತು ಕಚೇರಿಗಳು ಇದ್ದೂ ಇಲ್ಲದಂತಾಗುತ್ತವೆ. ಆದುದರಿಂದ ಸೇತುವೆಗಾಗಿ ಸಲ್ಲಿಕೆಯಾಗುವ ಮನವಿಗಳಲ್ಲಿ ತಮ್ಮ ಗ್ರಾಮದ ಬಳಿಯೇ ಅದು ನಿರ್ಮಾಣವಾಗಬೇಕೆಂಬ ಕೋರಿಕೆ ಇರುವುದು ಸಹಜ. ಆದರೆ ಸೇತುವೆಯನ್ನು ಹೇಗೆ ಕಟ್ಟಬೇಕು ಎಂಬ ಪ್ರಶ್ನೆಗಿಂತ ಮೊದಲು, ಅದನ್ನು ಎಲ್ಲಿ ಕಟ್ಟಬೇಕು ಎಂಬ ಪ್ರಶ್ನೆಗೆ ಉತ್ತರ ದೊರೆಯಬೇಕಾಗುತ್ತದೆ. ಕಾಮಗಾರಿಯಲ್ಲಿ ಆದ ತಪ್ಪನ್ನು ದುರಸ್ತಿಯಿಂದ ಸರಿಪಡಿಸಬಹುದು. ಸ್ಥಳದ ಆಯ್ಕೆಯಲ್ಲಿ ಆದ ತಪ್ಪನ್ನು ಸರಿಪಡಿಸಲು ಬರುವುದಿಲ್ಲ.

ಇದೇ ಪ್ರಶ್ನೆಯು 1952ರಲ್ಲಿ, ಮಾಂಜ್ರಾ ನದಿಗಿಂತ ಎಷ್ಟೋ ಪಟ್ಟು ಅಗಲವಾದ ಗಂಗಾ ನದಿಯ ದಡದಲ್ಲಿ ಎದ್ದಿತು. ಬಿಹಾರದಲ್ಲಿ ಗಂಗೆಗೆ ಅಡ್ಡಲಾಗಿ ಕಟ್ಟಬೇಕಾಗಿದ್ದ ಉದ್ದನೆಯ ಸೇತುವೆ ಯಾವ ಊರಿನ ಬಳಿ ಬರಬೇಕು ಎಂಬ ಬಗ್ಗೆ ಒಮ್ಮತ ಮೂಡದಿದ್ದಾಗ, ತೀರ್ಮಾನಕ್ಕಾಗಿ ಕರೆಯಲಾದವರು ಸಕ್ರಿಯ ಸೇವೆಯಿಂದ ಬಹು ಹಿಂದೆಯೇ ನಿವೃತ್ತರಾಗಿದ್ದ, ತೊಂಬತ್ತು ವರ್ಷ ದಾಟಿದ್ದ ಕನ್ನಡ ನಾಡಿನ ಇಂಜಿನಿಯರ್ ಸರ್ ಎಂ. ವಿಶ್ವೇಶ್ವರಯ್ಯನವರು. ಕನ್ನಂಬಾಡಿ ಅಣೆಕಟ್ಟೆಯೊಂದಿಗೆ ಅವರ ಹೆಸರು ಎಷ್ಟು ಗಾಢವಾಗಿ ಬೆರೆತಿದೆಯೆಂದರೆ, ಈ ಸೇತುವೆಯ ಸಂಗತಿಯು ಅವರ ಜೀವನ ಪರಿಚಯಗಳಲ್ಲಿ ಒಂದೆರಡು ಸಾಲುಗಳಲ್ಲಿ ಮುಗಿದುಹೋಗುವುದೇ ಹೆಚ್ಚು. ಹೈದರಾಬಾದ್ ಸಂಸ್ಥಾನದ ಭಾಗವಾಗಿದ್ದ ಬೀದರ್ ಪ್ರದೇಶದ ಓದುಗರಿಗೆ ಅವರ ಜೀವನದ ಮತ್ತೊಂದು ಅಧ್ಯಾಯವೂ ಹತ್ತಿರದ್ದು. ಅದು 1908ರ ಮೂಸಿ ಪ್ರವಾಹದ ನಂತರದ ಅಧ್ಯಾಯ. ಈ ಎರಡು ಸಂಗತಿಗಳಿಗೆ ಪ್ರಾಧಾನ್ಯ ನೀಡಿ ಅವರ ಜೀವನವನ್ನು ಇಲ್ಲಿ ನಿರೂಪಿಸಲಾಗಿದೆ.

ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ 1861ರ ಸೆಪ್ಟೆಂಬರ್ 15ರಂದು ಜನಿಸಿದರು. ಕೆಲವು ದಾಖಲೆಗಳಲ್ಲಿ ಜನ್ಮವರ್ಷವು 1860 ಎಂದಿದೆ. ಅವರ ಜನ್ಮಶತಾಬ್ದಿಯನ್ನು 1960ರಲ್ಲಿಯೇ ಆಚರಿಸಲಾಯಿತು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮನವರು. ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು ಸೋದರಮಾವನ ಆಶ್ರಯದಲ್ಲಿ ಬೆಂಗಳೂರಿಗೆ ಬಂದು, ಕೊಡಗಿನ ಮೂಲದ ಕುಟುಂಬವೊಂದರ ಮಕ್ಕಳಿಗೆ ಮನೆಪಾಠ ಹೇಳಿಕೊಡುತ್ತ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಪದವಿ ಪಡೆದರು. ಬಳಿಕ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ ಪುಣೆಯ ವಿಜ್ಞಾನ ಕಾಲೇಜು ಸೇರಿ, 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಗಳಿಸಿದರು. ಮರು ವರ್ಷವೇ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರ್ ಆಗಿ ನೇಮಕಗೊಂಡರು.

ಅವರು ಪರೀಕ್ಷೆ ಮುಗಿಸಿದ 1883ನೇ ವರ್ಷವು ಸೇತುವೆಗಳ ಇತಿಹಾಸದಲ್ಲಿಯೂ ಗಮನಾರ್ಹವಾದುದು. ಅದೇ ವರ್ಷದ ಮೇ ತಿಂಗಳಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಬ್ರೂಕ್ಲಿನ್ ತೂಗುಸೇತುವೆಯು ಸಾರ್ವಜನಿಕರಿಗೆ ತೆರೆಯಲ್ಪಟ್ಟಿತು. ಎರಡು ಎತ್ತರದ ಕಲ್ಲಿನ ಗೋಪುರಗಳ ನಡುವೆ 1,595 ಅಡಿಗಳ ಅಂತರದಲ್ಲಿ, ನೀರಿನಲ್ಲಿ ಒಂದು ಕಂಬವೂ ಇಲ್ಲದೆ, ಉಕ್ಕಿನ ತಂತಿಗಳನ್ನು ಕೂಡಿಸಿ ಮಾಡಿದ ದಪ್ಪ ಹಗ್ಗಗಳಿಂದ ರಸ್ತೆಯ ಹಾಸನ್ನು ತೂಗಿಬಿಡಲಾಗಿದೆ. ತೂಗುಸೇತುವೆಯಲ್ಲಿ ವಾಹನಗಳ ಭಾರವು ಹಾಸಿನಿಂದ ಸಣ್ಣ ಹಗ್ಗಗಳಿಗೂ, ಅವುಗಳಿಂದ ದೊಡ್ಡ ಹಗ್ಗಕ್ಕೂ, ಅಲ್ಲಿಂದ ಗೋಪುರಕ್ಕೂ ಹೋಗುತ್ತದೆ. ದೊಡ್ಡ ಹಗ್ಗದ ಎರಡು ತುದಿಗಳನ್ನು ದಡದಲ್ಲಿ ಭಾರಿ ಕಟ್ಟಡದೊಳಗೆ ಬಿಗಿದು ಹೂತಿರುತ್ತಾರೆ. ಕೊಡಗು ಮತ್ತು ಮಲೆನಾಡಿನ ಹೊಳೆಗಳ ಮೇಲಿನ, ಜನ ನಡೆದಾಡುವ ಸಣ್ಣ ತೂಗುಸೇತುವೆಗಳಲ್ಲಿಯೂ ಇದೇ ತತ್ವವಿದೆ. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿಗೆ ಅಡ್ಡಲಾಗಿ ಅಂಬಾರಗೋಡ್ಲು–ಕಳಸವಳ್ಳಿ ನಡುವೆ ತೆರೆಯಲಾದ ಸುಮಾರು 2.4 ಕಿ.ಮೀ. ಉದ್ದದ ಸೇತುವೆಯಲ್ಲಿ ಹಗ್ಗಗಳು ಗೋಪುರದಿಂದ ನೇರವಾಗಿ ಹಾಸನ್ನು ಹಿಡಿದಿವೆ. ಅದು ತೂಗುಸೇತುವೆಯ ಸಮೀಪದ ಬಂಧು.

ಬ್ರೂಕ್ಲಿನ್ ಸೇತುವೆಯ ವಿನ್ಯಾಸಕಾರ ಜಾನ್ ರೋಬ್ಲಿಂಗ್ ಅದನ್ನು ಕಟ್ಟುವಾಗ ಮಡಿದವರಲ್ಲ. 1869ರಲ್ಲಿ ಗೋಪುರ ನಿಲ್ಲಬೇಕಾದ ಜಾಗವನ್ನು ಗುರುತಿಸುತ್ತಿದ್ದಾಗ ದೋಣಿಯೊಂದು ತಾಗಿ ಕಾಲಿಗೆ ಪೆಟ್ಟಾಗಿ, ಧನುರ್ವಾಯುವಿನಿಂದ ಅವರು ನಿಧನರಾದರು. ಮಗ ವಾಷಿಂಗ್ಟನ್ ನದಿತಳದ ಬುನಾದಿಯ ಕೆಲಸದಲ್ಲಿ ರೋಗಪೀಡಿತರಾಗಿ ಹಾಸಿಗೆ ಹಿಡಿದಾಗ, ಸೊಸೆ ಎಮಿಲಿಯವರು ಪತಿಯ ಸೂಚನೆಗಳನ್ನು ಕಾಮಗಾರಿಯ ಸ್ಥಳಕ್ಕೆ ತಲುಪಿಸುತ್ತ ಕೆಲಸ ಪೂರ್ಣಗೊಳ್ಳುವವರೆಗೆ ದುಡಿದರು. ಇಂತಹ ರಚನೆಗಳಲ್ಲಿ ಸ್ಥಳ ಸಮೀಕ್ಷೆಯೆಂಬುದು ಕೇವಲ ಕಾಗದದ ಕೆಲಸವಲ್ಲವೆಂಬುದಕ್ಕೆ ಈ ಕುಟುಂಬದ ಕಥೆಯು ಸಾಕ್ಷಿ.

ವಿಶ್ವೇಶ್ವರಯ್ಯನವರ ಪ್ರಾರಂಭದ ಕೆಲಸವು ಒಂದು ರೀತಿಯಲ್ಲಿ ಸೇತುವೆಗೆ ವಿರುದ್ಧವಾದುದು. ಖಾನದೇಶದ ಧುಳೆ ಸಮೀಪ, ಹಳ್ಳವನ್ನು ದಾಟಿಸಿ ನೀರು ಸಾಗಿಸಲು ಕೊಳವೆಯ ಸೈಫನ್ ನಿರ್ಮಿಸುವ ಹೊಣೆ ಅವರಿಗೆ ಬಂದಿತು. ಸೇತುವೆಯು ನೀರಿನ ಮೇಲೆ ದಾರಿಯನ್ನು ಒಯ್ದರೆ, ಸೈಫನ್ ಹರಿವಿನ ತಳದಲ್ಲಿ ನೀರನ್ನು ಒಯ್ಯುತ್ತದೆ. ಮಳೆಗಾಲದ ಪ್ರವಾಹದಿಂದ ಕಾಮಗಾರಿಯು ಮಣ್ಣು ಮರಳಿನಲ್ಲಿ ಹೂತುಹೋದಾಗ, ಮಳೆ ಮುಗಿಯುವವರೆಗೆ ಕೆಲಸ ನಿಲ್ಲಿಸುವ ಅವರ ಪ್ರಸ್ತಾಪಕ್ಕೆ ಮೇಲಧಿಕಾರಿಯ ಅಸಮಾಧಾನ ವ್ಯಕ್ತವಾಯಿತು. ಹೊಸದಾಗಿ ಸೇವೆಗೆ ಸೇರಿದ್ದ ಅವರು ಅಡಚಣೆಗಳ ನಡುವೆಯೇ ಕೆಲಸವನ್ನು ಪೂರ್ಣಗೊಳಿಸಿದರು. ನದಿಯ ಮನಸ್ಸು ಇಲಾಖೆಯ ವೇಳಾಪಟ್ಟಿಯಂತೆ ನಡೆಯುವುದಿಲ್ಲವೆಂಬ ಅನುಭವ ಅವರಿಗೆ ಸೇವೆಯ ಆರಂಭದಲ್ಲಿಯೇ ದೊರೆಯಿತು.

ಮುಂದೆ 1890ರ ದಶಕದಲ್ಲಿ ಸಿಂಧೂ ನದಿಯ ದಡದ ಸಕ್ಕರ್ ಪಟ್ಟಣಕ್ಕೆ ಕುಡಿಯುವ ನೀರು ಒದಗಿಸುವ ಕೆಲಸಕ್ಕೆ ಅವರನ್ನು ನಿಯೋಜಿಸಲಾಯಿತು. ಅದು ಈಗ ಪಾಕಿಸ್ತಾನದಲ್ಲಿದೆ. ಸಿಂಧೂ ನೀರು ಸದಾ ಕೆಸರುಮಯವಾಗಿದ್ದು, ದೊಡ್ಡ ಶೋಧಕ ತೊಟ್ಟಿಗಳನ್ನು ಕಟ್ಟುವಷ್ಟು ಹಣ ಪುರಸಭೆಯಲ್ಲಿರಲಿಲ್ಲ. ಅವರು ನದಿಯ ಪಾತ್ರದಲ್ಲಿಯೇ ಬಾವಿ ತೋಡಿಸಿ, ಮರಳಿನ ಮೂಲಕ ಸೋಸಿ ಬರುವ ನೀರನ್ನು ಎತ್ತುವ ವ್ಯವಸ್ಥೆ ಮಾಡಿದರು. ಖರ್ಚು ಉಳಿಯಿತು, ನೀರು ತಿಳಿಯಾಯಿತು. ಅದೇ ಪಟ್ಟಣದಲ್ಲಿ, ಕೆಲವೇ ವರ್ಷಗಳ ಹಿಂದೆ, 1889ರಲ್ಲಿ ಪೂರ್ಣಗೊಂಡಿದ್ದ ಲ್ಯಾನ್ಸ್‌ಡೌನ್ ರೈಲ್ವೆ ಸೇತುವೆ ಇದ್ದಿತು. ಆಳವಾದ, ರಭಸದ ಕವಲಿನಲ್ಲಿ ಕಂಬ ನಿಲ್ಲಿಸಲು ಸಾಧ್ಯವಾಗದ ಕಾರಣ, ಎರಡು ದಡಗಳಿಂದ ಚಾಚಿದ ಕಬ್ಬಿಣದ ತೋಳುಗಳ ಮೇಲೆ ಸುಮಾರು 800 ಅಡಿ ಅಂತರವನ್ನು ಅಲ್ಲಿ ದಾಟಿಸಲಾಗಿತ್ತು. ಆ ಕಾಲದಲ್ಲಿ ಅದು ತನ್ನ ಬಗೆಯ ಸೇತುವೆಗಳಲ್ಲಿ ಜಗತ್ತಿನಲ್ಲಿಯೇ ಅತಿ ಉದ್ದದ ಅಂಕಣವಾಗಿತ್ತು.

ಪುಣೆಯ ಬಳಿಯ ಖಡಕವಾಸ್ಲಾ ಜಲಾಶಯಕ್ಕೆ ಅವರು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳು, ನೀರಾ ನಾಲೆಯಲ್ಲಿ ಜಾರಿಗೆ ತಂದ ಬ್ಲಾಕ್ ಪದ್ಧತಿ ಹಾಗೂ ಏಡನ್ ನಗರದ ನೀರು ಸರಬರಾಜಿನ ಕುರಿತ ವರದಿ ಪ್ರಸಿದ್ಧವಾಗಿವೆ. ಇವುಗಳ ವಿವರ ಅನೇಕ ಕಡೆ ಲಭ್ಯವಿರುವುದರಿಂದ ಇಲ್ಲಿ ವಿಸ್ತರಿಸಿಲ್ಲ. ಹಿರಿಯ ಸಹೋದ್ಯೋಗಿಗಳನ್ನು ದಾಟಿ ಬಡ್ತಿ ಪಡೆದರೂ ಮುಖ್ಯ ಇಂಜಿನಿಯರ್ ಹುದ್ದೆಯು ಭಾರತೀಯರಿಗೆ ದೊರೆಯುವ ಸಂಭವವಿಲ್ಲವೆಂದು ಮನಗಂಡು, 1908ರಲ್ಲಿ ಅವರು ಮುಂಬಯಿ ಸರ್ಕಾರದ ಸೇವೆಯಿಂದ ನಿವೃತ್ತಿ ಪಡೆದು ವಿದೇಶ ಪ್ರವಾಸಕ್ಕೆ ತೆರಳಿದರು.

ಅವರು ಯೂರೋಪಿನಲ್ಲಿದ್ದಾಗಲೇ ಹೈದರಾಬಾದಿನಲ್ಲಿ ಮಹಾ ದುರಂತವೊಂದು ಸಂಭವಿಸಿತು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿಯು ಉಕ್ಕಿ ನಗರವನ್ನು ಹೊಕ್ಕಿತು. ಸತ್ತವರ ಸಂಖ್ಯೆ ಸುಮಾರು 15,000 ಎಂದು ಅಂದಾಜಿಸಲಾಗಿದೆ. ಆಸ್ಪತ್ರೆಯ ಆವರಣದ ಹುಣಸೆ ಮರವೊಂದನ್ನು ಏರಿದ ನೂರಾರು ಜನ ಬದುಕಿಕೊಂಡರು. ನಗರದ ಎರಡು ಭಾಗಗಳನ್ನು ಬೆಸೆದಿದ್ದ ನಾಲ್ಕು ಸೇತುವೆಗಳ ಪೈಕಿ ಅಫ್ಜಲ್ ಗಂಜ್, ಮುಸಲ್ಲಂ ಜಂಗ್ ಮತ್ತು ಚಾದರ್‌ಘಾಟ್ ಸೇತುವೆಗಳು ಕೊಚ್ಚಿಹೋದವು. ಕುತುಬ್ ಶಾಹಿ ಅರಸರು 1578ರಲ್ಲಿ ಕಟ್ಟಿಸಿದ ಪುರಾನಾಪುಲ್ ಮಾತ್ರ ಉಳಿಯಿತು. ಹೊಸ ಸೇತುವೆಗಳು ಹೋಗಿ ಮುನ್ನೂರು ವರ್ಷಗಳಿಗೂ ಹಳೆಯದಾದ ಸೇತುವೆಯೊಂದೇ ಇಡೀ ನಗರಕ್ಕೆ ದಾರಿಯಾಗಿ ಉಳಿದುದನ್ನು ಆ ಕಾಲದ ಇಂಜಿನಿಯರುಗಳು ಹೇಗೆ ಅರ್ಥೈಸಿಕೊಂಡರೋ, ನಗರದ ಜನ ಮಾತ್ರ ಇಂದಿಗೂ ಮರೆತಿಲ್ಲ.

ನಿಜಾಮರ ಸರ್ಕಾರದ ಆಹ್ವಾನದ ಮೇರೆಗೆ ವಿಶ್ವೇಶ್ವರಯ್ಯನವರು 1909ರ ಏಪ್ರಿಲ್ 15ರಂದು ಹೈದರಾಬಾದಿನಲ್ಲಿ ಅಧಿಕಾರ ವಹಿಸಿಕೊಂಡು, ಅದೇ ವರ್ಷದ ಅಕ್ಟೋಬರ್ 1ರಂದು ವರದಿ ಸಲ್ಲಿಸಿದರು. ಸೇತುವೆಗಳು ಬಿದ್ದಿದ್ದರಿಂದ ಇನ್ನೂ ಗಟ್ಟಿಯಾದ ಸೇತುವೆಗಳನ್ನು ಕಟ್ಟಿದರೆ ಸಾಕೆಂಬ ಸುಲಭದ ಉತ್ತರಕ್ಕೆ ಅವರು ನಿಲ್ಲಲಿಲ್ಲ. ನದಿಯನ್ನು ಅದರ ಮೂಲದವರೆಗೆ ಹಿಂಬಾಲಿಸಿ ಲೆಕ್ಕ ಹಾಕಿದರು. ಮಳೆಮಾಪನ ಕೇಂದ್ರಗಳ ಅಂಕಿಗಳನ್ನು ಸಂಗ್ರಹಿಸಲಾಯಿತು. ಮನೆಗೋಡೆಗಳ ಮೇಲೆ ಉಳಿದಿದ್ದ ನೀರಿನ ಗುರುತುಗಳಿಂದ ಪ್ರವಾಹದ ಎತ್ತರವನ್ನು ಅಳೆಯಲಾಯಿತು. ನಗರದ ಮೇಲ್ಭಾಗದ ಜಲಾನಯನ ಪ್ರದೇಶದಲ್ಲಿದ್ದ 788 ಕೆರೆಗಳ ಪೈಕಿ 221 ಕೆರೆಗಳು ಒಡೆದಿದ್ದವು. ಮೇಲಿನ ಕೆರೆ ಒಡೆದು ಕೆಳಗಿನ ಕೆರೆಗೆ ನುಗ್ಗಿ, ಅದೂ ಒಡೆದು, ಹೀಗೆ ಒಂದರ ಹಿಂದೊಂದಾಗಿ ಬಂದ ನೀರು ಪ್ರವಾಹವನ್ನು ಹಿಗ್ಗಿಸಿತ್ತು. ಪ್ರವಾಹದ ಗರಿಷ್ಠ ಪ್ರಮಾಣ ಸುಮಾರು 4,25,000 ಕ್ಯೂಸೆಕ್ ಎಂದು ಅವರು ಲೆಕ್ಕ ಹಾಕಿದರು.

ಸೇತುವೆಯೊಂದು ಕೊಚ್ಚಿಹೋಗುವುದಕ್ಕೆ ಸಾಮಾನ್ಯವಾಗಿ ಅದರ ಕಲ್ಲು ಗಾರೆಯ ದೌರ್ಬಲ್ಯವೇ ಕಾರಣವೆಂದು ಭಾವಿಸುವುದುಂಟು. ವಸ್ತುಸ್ಥಿತಿಯಲ್ಲಿ ಮುಖ್ಯವಾದುದು ಕಂಬಗಳ ನಡುವೆ ನೀರು ಸಾಗಲು ಬಿಟ್ಟಿರುವ ಜಾಗ. ಆ ಜಾಗ ಕಡಿಮೆಯಾದಲ್ಲಿ ನೀರು ಸೇತುವೆಯ ಹಿಂದೆ ಏರುತ್ತದೆ, ತೇಲಿಬರುವ ಮರಮುಟ್ಟುಗಳು ಕಮಾನುಗಳಿಗೆ ಸಿಲುಕಿ ಸೇತುವೆಯೇ ಅಣೆಕಟ್ಟಾಗುತ್ತದೆ, ಕಂಬದ ಬುಡದ ಮಣ್ಣು ಕೊರೆದುಹೋಗುತ್ತದೆ. ಎಷ್ಟು ನೀರು ಬರಬಹುದೆಂಬ ಅಂದಾಜೇ ತಪ್ಪಾಗಿದ್ದಲ್ಲಿ ಎಷ್ಟು ಗಟ್ಟಿಯಾದ ಕಂಬವೂ ಪ್ರಯೋಜನಕ್ಕೆ ಬಾರದು. ವಿಶ್ವೇಶ್ವರಯ್ಯನವರ ಶಿಫಾರಸಿನ ತಿರುಳು ಪ್ರವಾಹವನ್ನು ನಗರ ತಲುಪುವ ಮೊದಲೇ ತಡೆದು ಹಿಡಿಯುವುದಾಗಿತ್ತು. ಅದರಂತೆ ಮೂಸಿ ಹಾಗೂ ಅದರ ಉಪನದಿ ಈಸಿಯ ಮೇಲೆ ನಗರದ ಮೇಲ್ಭಾಗದಲ್ಲಿ ಎರಡು ಜಲಾಶಯಗಳನ್ನೂ, ನಗರದೊಳಗೆ ನದಿಯ ಎರಡೂ ದಡಗಳಿಗೆ ಎತ್ತರದ ಗೋಡೆಗಳನ್ನೂ ಅವರು ಸೂಚಿಸಿದರು. ಉಸ್ಮಾನ್ ಸಾಗರ 1920ರಲ್ಲಿಯೂ, ಹಿಮಾಯತ್ ಸಾಗರ 1927ರಲ್ಲಿಯೂ ಪೂರ್ಣಗೊಂಡವು.

ಈ ಕಾಮಗಾರಿಗಳೊಂದಿಗೆ ಹೆಸರು ಬೆರೆತಿರುವ ಸಂಸ್ಥಾನದ ಇಂಜಿನಿಯರ್ ನವಾಬ್ ಅಲಿ ನವಾಜ್ ಜಂಗ್ ಅವರೇ ಮುಂದೆ ಮುಖ್ಯ ಇಂಜಿನಿಯರ್ ಆಗಿ, 1923ರಿಂದ 1931ರವರೆಗೆ ಮಾಂಜ್ರಾ ನದಿಗೆ ನಿಜಾಮ್ ಸಾಗರ ಅಣೆಕಟ್ಟೆ ನಿರ್ಮಿಸಿದರು. ಭಾಲ್ಕಿ ಮತ್ತು ಔರಾದ್ ತಾಲ್ಲೂಕುಗಳನ್ನು ಹಾದುಹೋಗುವ ಮಾಂಜ್ರಾ ನೀರು ಅಲ್ಲಿಗೇ ಸೇರುತ್ತದೆ. ಬೀದರ್ ಜಿಲ್ಲೆಯ ಜನರಿಗೆ ಆ ನೀರಿನಿಂದ ದೊರೆತದ್ದು ಕಡಿಮೆ ಎಂಬ ಮಾತಿನಲ್ಲಿ ಸತ್ಯವಿದೆ. ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಬಳಿಯ ಕಾರಂಜಾ ಜಲಾಶಯ ಹಾಗೂ ಮಾಂಜ್ರಾ ನದಿಯ ಬ್ರಿಡ್ಜ್ ಕಂ ಬ್ಯಾರೇಜುಗಳು ಬಂದದ್ದು 1956ರಲ್ಲಿ ಬೀದರ್ ಪ್ರದೇಶವು ಮೈಸೂರು ರಾಜ್ಯಕ್ಕೆ ಸೇರಿ ಎಷ್ಟೋ ಕಾಲದ ನಂತರ.

ಹೈದರಾಬಾದಿನ ಕೆಲಸ ಮುಗಿಯುತ್ತಿದ್ದಂತೆ, 1909ರ ನವೆಂಬರ್‌ನಲ್ಲಿ ವಿಶ್ವೇಶ್ವರಯ್ಯನವರು ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರ್ ಆದರು. 1912ರಿಂದ 1918ರವರೆಗೆ ದಿವಾನರಾಗಿದ್ದರು. 1911ರಲ್ಲಿ ಪ್ರಾರಂಭವಾದ ಕೃಷ್ಣರಾಜಸಾಗರ, 1913ರ ಮೈಸೂರು ಬ್ಯಾಂಕ್, 1916ರ ಮೈಸೂರು ವಿಶ್ವವಿದ್ಯಾನಿಲಯ, 1917ರ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು ಮತ್ತು ಅವರ ಕಾಲದಲ್ಲಿ ಯೋಜನೆಗೊಂಡ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗಳ ಬಗ್ಗೆ ಶಾಲಾ ಪಠ್ಯಗಳಲ್ಲಿಯೇ ವಿವರವಿದೆ. ಸರ್ಕಾರಿ ನೇಮಕಾತಿಯಲ್ಲಿ ಹಿಂದುಳಿದ ಸಮುದಾಯಗಳಿಗೆ ಪ್ರಾತಿನಿಧ್ಯ ನೀಡುವ ನೀತಿಯ ಕುರಿತು ಮಹಾರಾಜರೊಂದಿಗೆ ಭಿನ್ನಾಭಿಪ್ರಾಯ ಉಂಟಾಗಿ ಅವರು ದಿವಾನಗಿರಿಯನ್ನು ತೊರೆದರು. ಆ ವಿಷಯದಲ್ಲಿ ಕಾಲವು ಅವರ ನಿಲುವಿನ ಪರವಾಗಿ ನಿಲ್ಲಲಿಲ್ಲವೆಂಬುದನ್ನೂ ಹೇಳಬೇಕಾಗುತ್ತದೆ. ಕಚೇರಿ ಕೆಲಸಕ್ಕೊಂದು, ಸ್ವಂತ ಕೆಲಸಕ್ಕೊಂದು ಮೇಣದ ಬತ್ತಿ ಉರಿಸುತ್ತಿದ್ದರೆಂಬ ಕಥೆಯು ಅವರ ಬಗ್ಗೆ ಎಲ್ಲೆಡೆ ಪ್ರಚಲಿತವಿದೆ. ಆದರೆ ಅವರ ಪ್ರಾಮಾಣಿಕತೆಯನ್ನು ತಿಳಿಯಲು ಮೇಣದ ಬತ್ತಿಗಿಂತ ಗಂಗಾ ಸೇತುವೆಯ ಕಡತವು ಹೆಚ್ಚು ಸಹಾಯಕವಾದುದು.

ಗಂಗಾ ನದಿಯು ಬಿಹಾರವನ್ನು ಉತ್ತರ ಹಾಗೂ ದಕ್ಷಿಣವೆಂದು ಎರಡಾಗಿ ಸೀಳುತ್ತದೆ. ಸ್ವಾತಂತ್ರ್ಯ ಬಂದಾಗ ಆ ಪ್ರಾಂತದಲ್ಲಿ ಗಂಗೆಯ ಮೇಲೆ ಒಂದೂ ಸೇತುವೆ ಇರಲಿಲ್ಲ. ದಕ್ಷಿಣದ ದಡದಲ್ಲಿ ಅಗಲ ಹಳಿಯ ರೈಲು, ಉತ್ತರದ ದಡದಲ್ಲಿ ಮೀಟರ್ ಗೇಜ್ ರೈಲು. ನಡುವೆ ಸ್ಟೀಮರ್ ಮತ್ತು ದೋಣಿಗಳು. ಮೋಕಾಮಾ ಘಾಟಿನಲ್ಲಿ ರೈಲಿನಿಂದ ಸರಕನ್ನು ಕೂಲಿಗಳ ತಲೆಯ ಮೇಲೆ ಇಳಿಸಿ, ನದಿ ದಾಟಿಸಿ, ಆಚೆಯ ರೈಲಿಗೆ ಮತ್ತೆ ತುಂಬಬೇಕಾಗಿತ್ತು. ನರಭಕ್ಷಕ ಹುಲಿಗಳ ಬೇಟೆಗಾರನೆಂದು ಕನ್ನಡ ಓದುಗರಿಗೂ ಚಿರಪರಿಚಿತರಾದ ಜಿಮ್ ಕಾರ್ಬೆಟ್ ತಮ್ಮ ಯೌವನದ ಸುಮಾರು ಎರಡು ದಶಕಗಳನ್ನು ಇದೇ ಘಾಟಿನಲ್ಲಿ ಸರಕು ವರ್ಗಾವಣೆಯ ಗುತ್ತಿಗೆದಾರರಾಗಿ ಕಳೆದವರು. ಕಲ್ಲಿದ್ದಲಿನ ಒಂದೊಂದು ಬುಟ್ಟಿಗೂ ಎರಡೆರಡು ಸಲ ಕೂಲಿ, ಅದಕ್ಕೆ ತಗಲುವ ಕಾಲ, ದಾರಿಯಲ್ಲಿ ಆಗುವ ನಷ್ಟ ಇವೆಲ್ಲವೂ ಕೊನೆಗೆ ಉತ್ತರ ಬಿಹಾರದ ಅಂಗಡಿಯಲ್ಲಿ ಕೊಳ್ಳುವವನ ಮೇಲೆಯೇ ಬೀಳುತ್ತಿದ್ದವು. ಸೇತುವೆ ಇಲ್ಲದಿರುವುದಕ್ಕೂ ಒಂದು ವೆಚ್ಚವಿದೆ; ಅದು ಯಾವ ಆಯವ್ಯಯ ಪತ್ರದಲ್ಲಿಯೂ ಕಾಣಿಸುವುದಿಲ್ಲ.

ಸೇತುವೆ ಬೇಕೆಂಬುದರಲ್ಲಿ ಎರಡು ಮಾತಿರಲಿಲ್ಲ. ಆದರೆ ಹೊಸ ಸರ್ಕಾರದ ಬಳಿ ಇದ್ದ ಹಣದಲ್ಲಿ ಒಂದೇ ಸೇತುವೆ ಸಾಧ್ಯವಿತ್ತು, ಅದನ್ನು ಬಯಸಿದ ಊರುಗಳು ಹಲವು ಇದ್ದವು. ಪ್ರತಿಯೊಂದು ಊರಿಗೂ ತನ್ನದೇ ಕಾರಣ, ತನ್ನದೇ ಪ್ರತಿನಿಧಿಗಳು. ಯಾವ ಸ್ಥಳವನ್ನು ಆರಿಸಿದರೂ ಉಳಿದವರಿಗೆ ಪಕ್ಷಪಾತದ ಶಂಕೆ ಮೂಡುವ ಸ್ಥಿತಿ ಉಂಟಾಯಿತು. ಆಗ ಪ್ರಧಾನಮಂತ್ರಿ ಜವಾಹರಲಾಲ್ ನೆಹರೂರವರು, ಸ್ಥಳೀಯ ಒತ್ತಡಗಳಿಗೆ ಮಣಿಯದ ಹಾಗೂ ಎಲ್ಲ ಪಕ್ಷಗಳೂ ಒಪ್ಪಬಹುದಾದ ಇಂಜಿನಿಯರ್ ಎಂದು ವಿಶ್ವೇಶ್ವರಯ್ಯನವರಿಗೆ ಈ ಹೊಣೆಯನ್ನು ವಹಿಸಿದರು.

ಅವರು ಬೆಂಗಳೂರಿನ ಮನೆಯಲ್ಲಿ ಕುಳಿತು ನಕ್ಷೆಗಳನ್ನು ನೋಡಿ ಅಭಿಪ್ರಾಯ ಬರೆದು ಕಳುಹಿಸಿದ್ದರೂ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಅವರು ಹಾಗೆ ಮಾಡಲಿಲ್ಲ. ಬಿಹಾರದ ಬಿಸಿಲಿನಲ್ಲಿ ಸೂಚಿತ ಸ್ಥಳಗಳಿಗೆ ಖುದ್ದಾಗಿ ತೆರಳಿ, ಎರಡೂ ದಡಗಳನ್ನು ಪರಿಶೀಲಿಸಿದರು. ತಂಗಲು ಸೂಕ್ತ ವಸತಿಯಿಲ್ಲದ ಕಡೆ ರೈಲ್ವೆ ಬೋಗಿಯಲ್ಲಿಯೇ ವಾಸ್ತವ್ಯ ಮಾಡಿದರು. ಕಾರು ಹೋಗಲಾರದ ದಾರಿಯಲ್ಲಿ ಅವರನ್ನು ಕುರ್ಚಿಯಲ್ಲಿ ಹೊತ್ತೊಯ್ಯುವ ಸಿದ್ಧತೆ ನಡೆದಾಗ ಅದನ್ನು ನಿರಾಕರಿಸಿ ನಡೆದೇ ಹೋದರೆಂದು ಅವರ ಜೀವನ ಚರಿತ್ರೆಗಳಲ್ಲಿ ದಾಖಲಾಗಿದೆ.

ಗಂಗೆಯಂತಹ ನದಿಗೆ ಸೇತುವೆಯ ಸ್ಥಳ ಆರಿಸುವುದು ಏಕೆ ಕಷ್ಟವೆಂಬುದನ್ನು ಇಲ್ಲಿ ತಿಳಿಯುವುದು ಅಗತ್ಯ. ಬೀದರ್ ಸುತ್ತಮುತ್ತಲಿನ ಜಂಬಿಟ್ಟಿಗೆ ಮತ್ತು ಕಪ್ಪುಶಿಲೆಯ ನೆಲದಲ್ಲಿ ಸ್ವಲ್ಪ ಆಳಕ್ಕೆ ಅಗೆದರೆ ಗಟ್ಟಿ ನೆಲೆ ಸಿಗುವುದುಂಟು. ಗಂಗೆಯ ಬಯಲಿನಲ್ಲಿ ಎಷ್ಟು ಆಳಕ್ಕೆ ಹೋದರೂ ಮರಳು, ಜೇಡಿ, ಮತ್ತೆ ಮರಳು. ಅದರ ಜೊತೆಗೆ ನದಿಯು ಒಂದೇ ಪಾತ್ರದಲ್ಲಿ ನಿಲ್ಲುವುದಿಲ್ಲ. ಒಂದು ದಡವನ್ನು ಕೊರೆದು ಇನ್ನೊಂದು ದಡದಲ್ಲಿ ಮಣ್ಣು ಸುರಿಯುತ್ತ, ಕೆಲವು ವರ್ಷಗಳಲ್ಲಿ ಮೈಲುಗಟ್ಟಲೆ ಸರಿಯಬಲ್ಲದು. ಇಂದು ನದಿ ಇರುವಲ್ಲಿ ಸೇತುವೆ ಕಟ್ಟಿ, ನಾಳೆ ನದಿಯು ಬೇರೆಡೆ ಹರಿದರೆ ಒಣ ಮರಳಿನ ಮೇಲೆ ಸೇತುವೆ ಉಳಿಯುತ್ತದೆ. ಆದುದರಿಂದ ದಡಗಳು ಬಹುಕಾಲ ಕದಲದೆ ನಿಂತಿರುವ, ಪಾತ್ರವು ಹೆಚ್ಚು ಹರಡಿಕೊಳ್ಳದ ಜಾಗವನ್ನು ಹುಡುಕಬೇಕು; ಹಿಂದಿನ ಹಲವು ದಶಕಗಳ ನಕ್ಷೆಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ನದಿಯ ನಡೆಯನ್ನು ತಾಳೆ ನೋಡಬೇಕು. ಅಂತಹ ಜಾಗದಿಂದ ರೈಲು ಮಾರ್ಗ ದೂರವಾದರೆ ಸೇತುವೆಗಿಂತ ಕೂಡು ರಸ್ತೆ, ಕೂಡು ಹಳಿಗಳಿಗೇ ಹಣ ವ್ಯಯವಾದೀತು. ದೊಡ್ಡ ಊರಿನ ಪಕ್ಕದಲ್ಲಿ ಅಂತಹ ಜಾಗ ಇರಲೇಬೇಕೆಂಬ ನಿಯಮವಿಲ್ಲ.

ಎಲ್ಲವನ್ನೂ ತುಲನೆ ಮಾಡಿ ವಿಶ್ವೇಶ್ವರಯ್ಯನವರು ಮೋಕಾಮಾ ಸ್ಥಳವನ್ನು ಶಿಫಾರಸು ಮಾಡಿದರು. ಸರ್ಕಾರವು ಅದನ್ನು ಅಂಗೀಕರಿಸಿತು.

ಇಲ್ಲಿ ಕಟ್ಟಲಾದುದು ತೂಗುಸೇತುವೆಯಲ್ಲ. ಭಾರವಾದ ರೈಲು ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಗುವಾಗ ತೂಗುಸೇತುವೆಯ ಹಾಸು ಭಾರ ಇರುವ ಕಡೆ ಬಾಗಿ, ಇಲ್ಲದ ಕಡೆ ಏಳುತ್ತದೆ. ಹಳಿಗಳಿಗೆ ಇದು ಒಗ್ಗುವುದಿಲ್ಲ. ಬೇಸಿಗೆಯಲ್ಲಿ ನೀರು ಇಳಿಯುವ ನದಿಯಲ್ಲಿ ಕಂಬಗಳನ್ನು ನಿಲ್ಲಿಸಲು ಅವಕಾಶವೂ ಇರುತ್ತದೆ. ಆದುದರಿಂದ ಬಾವಿ ಬುನಾದಿಯ ಕಂಬಗಳ ಮೇಲೆ ಉಕ್ಕಿನ ಜಾಲರಿ ತೊಲೆಗಳನ್ನು ಕೂರಿಸಲಾಯಿತು. ಬಾವಿ ಬುನಾದಿಯೆಂದರೆ, ತಳವಿಲ್ಲದ ದೊಡ್ಡ ಬಾವಿಯಂತಹ ಗೋಡೆಯನ್ನು ನದಿಯ ಪಾತ್ರದಲ್ಲಿ ನಿಲ್ಲಿಸಿ, ಒಳಗಿನ ಮರಳನ್ನು ತೆಗೆಯುತ್ತ ಹೋಗುವುದು. ಗೋಡೆಯು ತನ್ನ ಭಾರದಿಂದಲೇ ಕೆಳಗಿಳಿಯುತ್ತದೆ, ಮೇಲೆ ಮತ್ತೆ ಗೋಡೆ ಏರಿಸಲಾಗುತ್ತದೆ. ಪ್ರವಾಹ ಕಾಲದಲ್ಲಿ ನೀರು ಎಷ್ಟು ಆಳದವರೆಗೆ ಮರಳನ್ನು ಕೊರೆಯಬಲ್ಲದೋ ಅದಕ್ಕಿಂತಲೂ ಕೆಳಗೆ ಹೋದ ನಂತರ ಅದರ ತಳವನ್ನು ಮುಚ್ಚಿ ಮೇಲೆ ಕಂಬ ಕಟ್ಟಲಾಗುತ್ತದೆ. ಬಾವಿಯು ಇಳಿಯುವಾಗ ಒಂದೆಡೆಗೆ ವಾಲಿದರೆ ಅದನ್ನು ನೆಟ್ಟಗೆ ಮಾಡುವುದೇ ದೊಡ್ಡ ಸಾಹಸ. ಮಳೆಗಾಲ ಬರುವುದರೊಳಗೆ ಸುರಕ್ಷಿತ ಆಳ ತಲುಪಬೇಕಾದುದರಿಂದ ಪ್ರತಿಯೊಂದು ಬಾವಿಯೂ ಕಾಲದೊಂದಿಗಿನ ಓಟವಾಗಿರುತ್ತದೆ.

ಸುಮಾರು 6,000 ಅಡಿ, ಅಂದರೆ ಎರಡು ಕಿ.ಮೀ.ಗೆ ಸಮೀಪದ ಉದ್ದದ ಈ ಸೇತುವೆಯ ಮುಖ್ಯ ಅಂಕಣಗಳು ತಲಾ ಸುಮಾರು 400 ಅಡಿಗಳು. ಎರಡು ಅಂತಸ್ತಿನ ರಚನೆಯಲ್ಲಿ ಕೆಳಗೆ ರೈಲು, ಮೇಲೆ ರಸ್ತೆ. 1956ರ ಫೆಬ್ರವರಿಯಲ್ಲಿ ರಾಷ್ಟ್ರಪತಿ ಡಾ. ರಾಜೇಂದ್ರ ಪ್ರಸಾದ್ ಅವರಿಂದ ಶಂಕುಸ್ಥಾಪನೆಯಾಗಿ, 1959ರ ಮೇ ತಿಂಗಳಲ್ಲಿ ನೆಹರೂರವರಿಂದ ಉದ್ಘಾಟನೆಗೊಂಡಿತು. ಸ್ವತಂತ್ರ ಭಾರತವು ಗಂಗೆಯ ಮೇಲೆ ಕಟ್ಟಿದ ಮೊದಲ ದೊಡ್ಡ ಸೇತುವೆಯಾದ ಇದಕ್ಕೆ ರಾಜೇಂದ್ರ ಸೇತು ಎಂದು ಹೆಸರಿಡಲಾಗಿದೆ. ಮೋಕಾಮಾ ಘಾಟಿನ ಸ್ಟೀಮರುಗಳು ಮತ್ತು ಬುಟ್ಟಿ ಹೊರುವ ಕೆಲಸ ಇತಿಹಾಸಕ್ಕೆ ಸೇರಿದವು. ಉತ್ತರ ದಡದ ಸಮೀಪದ ಬರೌನಿಯಲ್ಲಿ 1964ರಲ್ಲಿ ತೈಲ ಶುದ್ಧೀಕರಣ ಕಾರ್ಖಾನೆಯು ಕಾರ್ಯಾರಂಭ ಮಾಡಿತು. ಅಲ್ಲಿ ವಿದ್ಯುತ್ ಸ್ಥಾವರ ಹಾಗೂ ಗೊಬ್ಬರದ ಕಾರ್ಖಾನೆಯೂ ಬಂದವು. ಉತ್ತರ ಬಿಹಾರದ ಮೂಲಕ ಅಸ್ಸಾಂ ಕಡೆಗೆ ಹೋಗುವ ಸಂಚಾರಕ್ಕೂ ಇದು ಆಧಾರವಾಯಿತು.

ಈ ಸೇತುವೆಯು ಕಡತದಿಂದ ಕಾಮಗಾರಿಗೆ ಸಾಗುತ್ತಿದ್ದ ವರ್ಷಗಳಲ್ಲಿಯೇ, 1955ರಲ್ಲಿ ವಿಶ್ವೇಶ್ವರಯ್ಯನವರಿಗೆ ಭಾರತ ರತ್ನ ಪ್ರಶಸ್ತಿಯನ್ನು ನೀಡಲಾಯಿತು. 1962ರ ಏಪ್ರಿಲ್ ತಿಂಗಳಿನಲ್ಲಿ ಅವರು ಬೆಂಗಳೂರಿನಲ್ಲಿ ನಿಧನರಾದರು. ಮುದ್ದೇನಹಳ್ಳಿಯಲ್ಲಿ ಅವರ ಸಮಾಧಿ ಹಾಗೂ ಸ್ಮಾರಕ ವಸ್ತುಸಂಗ್ರಹಾಲಯವಿದೆ. ಅವರ ಜನ್ಮದಿನವಾದ ಸೆಪ್ಟೆಂಬರ್ 15ನ್ನು ದೇಶದಾದ್ಯಂತ ಇಂಜಿನಿಯರುಗಳ ದಿನವನ್ನಾಗಿ ಆಚರಿಸಲಾಗುತ್ತಿದೆ. ಬೀದರ್ ಹಾಗೂ ಭಾಲ್ಕಿಯ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿದ ವಿದ್ಯಾರ್ಥಿಗಳು ಪಡೆಯುವ ಪದವಿ ಪ್ರಮಾಣಪತ್ರಗಳು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಿಂದ ಅವರ ಹೆಸರಿನಲ್ಲಿಯೇ ಬರುತ್ತವೆ.

ರಾಜೇಂದ್ರ ಸೇತುವು ಅರವತ್ತಕ್ಕೂ ಹೆಚ್ಚು ವರ್ಷ ದುಡಿದ ನಂತರ ದುರಸ್ತಿಯ ಕಾರಣ ಅದರ ಮೇಲೆ ಭಾರಿ ವಾಹನಗಳ ಸಂಚಾರವನ್ನು ನಿರ್ಬಂಧಿಸಬೇಕಾಯಿತು. ಲಾರಿಗಳು ನೂರು ಕಿ.ಮೀ.ಗೂ ಹೆಚ್ಚು ಬಳಸಿ ಹೋಗಬೇಕಾಗಿತ್ತು. 2025ರ ಆಗಸ್ಟ್‌ನಲ್ಲಿ ಅಲ್ಲಿ ಆರು ಪಥಗಳ ಹೊಸ ರಸ್ತೆ ಸೇತುವೆಯು ಸಂಚಾರಕ್ಕೆ ತೆರೆಯಲ್ಪಟ್ಟಿದೆ. ಔಂಟಾ ಹಾಗೂ ಸಿಮರಿಯಾ ಊರುಗಳನ್ನು ಜೋಡಿಸುವ ಆ ಸೇತುವೆಯನ್ನು ಹಳೆಯ ಸೇತುವೆಗೆ ಸಮಾನಾಂತರವಾಗಿ, ಅದರ ಪಕ್ಕದಲ್ಲಿಯೇ ಕಟ್ಟಲಾಗಿದೆ.